ಲಾಸ್ ವೇಗಸ್‌ನ ಮುಚ್ಚಳ ಮತ್ತು ನಮ್ಮ ಭಾವ

ಈಗ ಕ್ಯಾಮೆರಾ ಹತ್ತಿರ ಹಿಡಿದು ತೋರಿಸುತ್ತಿದ್ದೇನಲ್ಲ, ಇದು ನಮ್ಮ ಭಾವನ ಖಜಾನೆ. ಹಳೇ ಬಿಸ್ಕತ್ತಿನ ಡಬ್ಬಿ. ಒಳಗೆ 2011ರ ಇಂಡಿಯನ್ ಗ್ರ್ಯಾನ್ ಪ್ರೀ, ಅಂದರೆ ನೋಯ್ಡಾ ಕಡೆ ನಡೆದ ಫಾರ್ಮುಲಾ ಒನ್ ಕಾರ್ ರೇಸ್‌ನ ಟಿಕೆಟ್, ಜೊತೆಗೆ ಒಂದೇ ಒಂದು ಇಯರ್ ಪ್ಲಗ್. ಇನ್ನೊಂದು ಎಲ್ಲಿ ಭಾವ ಅಂದರೆ, "ನೋಯ್ಡಾದಲ್ಲೇ ಬಿತ್ತು ಕಣೋ" ಅನ್ನುತ್ತಾರೆ. ಆಗಿನ ಕಾರಿನದು ಕಿವಿ ಒಡೆಯುವ ಸದ್ದಿನ ವಿ8 ಎಂಜಿನ್. ಒಂದು ಕಿವಿ ಇನ್ನೂ ಗುಂಯ್ ಅನ್ನುತ್ತದಂತೆ. ಅಕ್ಕ ಕರೆದಾಗ ಕೇಳಿಸದೇ ಇರುವುದೂ ಅದೇ ಕಿವಿ.

ಅಕ್ಟೋಬರ್ 30, 2011. ಭಾವ ಅಲ್ಲಿನ ಬುದ್ಧ್ ಸರ್ಕ್ಯೂಟ್‌ನಲ್ಲಿ ಜರ್ಮನಿಯ ಡ್ರೈವರ್ ವೆಟ್ಟೆಲ್ ಗೆಲ್ಲುವುದನ್ನು ನೋಡಿದರು. ಅದೇ ದಿನ ನಾನು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಕೇಳುತ್ತಿದ್ದೆ. ತಮಾಷೆ ಏನು ಗೊತ್ತಾ? ಎರಡು ದಿನ ಮುಂಚೆ ಅದೇ ಬ್ಯಾಂಡ್ ರೇಸ್ ವಾರದ ಸಂಭ್ರಮಕ್ಕೆಂದು ಗುರ್ಗಾಂವ್‌ನಲ್ಲಿ ಹಾಡಬೇಕಿತ್ತು. ಬ್ಯಾರಿಕೇಡ್ ಸುರಕ್ಷಿತವಾಗಿಲ್ಲ ಎಂದು ಶೋ ನಿಂತಿತು, ಸಿಟ್ಟಾದ ಜನ ವೇದಿಕೆಯನ್ನೇ ಒಡೆದು ಹಾಕಿದರು. ಭಾವ ಇದನ್ನು ಇವತ್ತಿಗೂ ಬಿಟ್ಟಿಲ್ಲ. "ರೇಸ್ ನೋಡೋಕೆ ಬಂದೋರಿಗೆ ಹಾಡು ಯಾಕೋ?"

ಭಾವನ ಜೊತೆ ನನ್ನ ನಿಜವಾದ ಜಗಳ ಶುರುವಾಗಿದ್ದು 2023ರ ನವೆಂಬರ್ 19ರಂದು, ಮೈಸೂರಿನ ಇದೇ ಹಾಲ್‌ನಲ್ಲಿ. ರೇಸ್ ಅಂದರೆ ರೇಸ್, ಶೋ ಬೇಡ ಅಂತ ಅವರು; ಎರಡೂ ಇರಲಿ ಅಂತ ನಾನು. ಭಾನುವಾರ ಹನ್ನೊಂದೂವರೆಗೆ ಲಾಸ್ ವೇಗಸ್ ರೇಸ್, ಎರಡು ಗಂಟೆಗೆ ಅಹಮದಾಬಾದ್‌ನಲ್ಲಿ ವಿಶ್ವಕಪ್ ಫೈನಲ್. ಮಧ್ಯೆ ಅಕ್ಕನ ಚಿತ್ರಾನ್ನ. ಸಂಜೆಯ ವಿಷಯ ಬೇಡ ಬಿಡಿ.

ರೇಸ್ ಹೊರಟಾಗ ವೇಗಸ್‌ನಲ್ಲಿ ಶನಿವಾರ ರಾತ್ರಿ ಹತ್ತು ಗಂಟೆ. ಮರುಭೂಮಿಯ ನವೆಂಬರ್ ರಾತ್ರಿ, ಚಳಿ. ರೇಸ್ ಟೈರಿಗೆ ಚಳಿ ಆಗಿಬರುವುದಿಲ್ಲ. ರಬ್ಬರ್ ಕಾಯದೆ ಹಿಡಿತ ಸಿಗುವುದಿಲ್ಲ, ಉದ್ದದ ನೇರ ರಸ್ತೆಯಲ್ಲಿ ಓಡುವಾಗ ಕಾದ ಟೈರೂ ತಣ್ಣಗಾಗುತ್ತದೆ. ಮತ್ತೆ ಆ ಹೊತ್ತಿಗೇ ಯಾಕೆ ಇಟ್ಟರು? ದೀಪಗಳಿಗೆ. ಹೋಟೆಲು, ಕ್ಯಾಸಿನೋಗಳ ಝಗಮಗ ಟಿವಿಯಲ್ಲಿ ಕಾಣಲಿ ಅಂತ. ಇದು ತೊಂಬತ್ತೊಂಬತ್ತು ಪರ್ಸೆಂಟ್ ಶೋ, ಒಂದು ಪರ್ಸೆಂಟ್ ಆಟ ಎಂದು ರೆಡ್ ಬುಲ್ ತಂಡದ ಡ್ರೈವರ್ ವರ್ಸ್ಟಾಪನ್ ಹೇಳಿದ್ದು ಸುಮ್ನೆ ಅಲ್ಲ.

ಗುರುವಾರದ ಮೊದಲ ಪ್ರಾಕ್ಟೀಸ್ ಹತ್ತು ನಿಮಿಷವೂ ನಡೆಯಲಿಲ್ಲ. ರಸ್ತೆಯಲ್ಲಿದ್ದ ನೀರಿನ ವಾಲ್ವಿನ ಮುಚ್ಚಳ ಕಿತ್ತು ಬಂದು ಕಾರ್ಲೋಸ್ ಸೈನ್ಸ್ ಓಡಿಸುತ್ತಿದ್ದ ಫೆರಾರಿಯ ಹೊಟ್ಟೆ ಸೀಳಿತು. ಎಂಜಿನ್, ಬ್ಯಾಟರಿ ಎಲ್ಲಾ ಹೋಯಿತು. ಹೊಸ ಬ್ಯಾಟರಿ ಹಾಕಿದ್ದಕ್ಕೆ ನಿಯಮದ ಪ್ರಕಾರ ಹತ್ತು ಸ್ಥಾನದ ದಂಡ! ಮುಚ್ಚಳ ಇವನದಲ್ಲ, ರಸ್ತೆ ಇವನದಲ್ಲ. ಹೊರಡುವ ಸಾಲು ತೀರ್ಮಾನವಾಗುವ ಕ್ವಾಲಿಫೈಯಿಂಗ್‌ನಲ್ಲಿ ಎರಡನೆಯವನಾಗಿಯೂ ಹನ್ನೆರಡನೇ ಜಾಗದಿಂದ ಹೊರಡಬೇಕಾಯಿತು. ನಮ್ಮ ರಸ್ತೆ ಗುಂಡಿಗೆ ಸಸ್ಪೆನ್ಶನ್ ಕಳೆದುಕೊಂಡವರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ.

ಎಲ್ಲ ಮುಚ್ಚಳ ನೋಡಿ, ಸರಿಮಾಡಿ, ಎರಡನೇ ಪ್ರಾಕ್ಟೀಸ್ ಶುರುವಾದಾಗ ಬೆಳಗಿನ ಜಾವ ಎರಡೂವರೆ. ಅಷ್ಟರಲ್ಲಿ ಪ್ರೇಕ್ಷಕರನ್ನು ಗೇಟಿನಾಚೆ ಕಳಿಸಿಯಾಗಿತ್ತು. ಖಾಲಿ ಸ್ಟ್ಯಾಂಡ್ ಮುಂದೆ ಕಾರುಗಳು ಓಡಿದವು.

ಅಡುಗೆಮನೆಯಿಂದ ಅಕ್ಕ ಕೇಳಿದಳು, "ಪಾಪ, ದುಡ್ಡು ವಾಪಸ್ ಕೊಟ್ರಾ?"

ಇಲ್ಲ ಅಕ್ಕ. ಗುರುವಾರಕ್ಕೆ ಮಾತ್ರ ಟಿಕೆಟ್ ತಗೊಂಡವರಿಗೆ 200 ಡಾಲರ್ ವೋಚರ್. ಅದೂ ಅವರದೇ ಅಂಗಡಿಯಲ್ಲಿ ಟೋಪಿ, ಟೀ ಶರ್ಟ್ ಕೊಳ್ಳೋಕೆ.

"ಟೋಪಿ ಹಾಕಿದ್ದೂ ಅಲ್ದೆ, ಟೋಪೀನೇ ತಗೊಳ್ಳಿ ಅಂದ್ರಾ?"

ಮೂರು ಮಾತಲ್ಲಿ ಮುಗಿಸಿದಳು. ನಾವಿಬ್ಬರು ಆಮೇಲೂ ಒಂದು ಗಂಟೆ ಕಿತ್ತಾಡಿದೆವು.

ಯಾಕೆಂದರೆ ಆ ರೇಸ್ ಚೆನ್ನಾಗಿತ್ತು. ಅದೇ ಕಷ್ಟ. ಸ್ಟ್ರಿಪ್, ಅಂದರೆ ಕ್ಯಾಸಿನೋಗಳ ಆ ಮುಖ್ಯ ಬೀದಿಯ ಮೇಲಿನ ಸುಮಾರು ಎರಡು ಕಿಲೋಮೀಟರ್ ನೇರ ರಸ್ತೆಯಲ್ಲಿ ಹಿಂದಿನವನಿಗೆ ಪ್ರತಿ ಸುತ್ತೂ ಅವಕಾಶ ಇತ್ತು. ಕೊನೇ ಸುತ್ತಿನಲ್ಲಿ, ಅದೇ ನೇರ ರಸ್ತೆ ಮುಗಿಯುವ ತಿರುವಿನಲ್ಲಿ ಫೆರಾರಿಯ ಲೆಕ್ಲೇರ್ ಒಳಗೆ ನುಗ್ಗಿ ರೆಡ್ ಬುಲ್‌ನ ಪೆರೆಜ್‌ನನ್ನು ಹಿಂದೆ ಹಾಕಿದಾಗ ಭಾವನ ಕೈಯಲ್ಲಿದ್ದ ತಟ್ಟೆ ವಾಲಿ ಸೋಫಾ ತುಂಬಾ ಕಡಲೆಬೀಜ. ಗೆದ್ದಿದ್ದು ಬೈದುಕೊಂಡು ಬಂದ ವರ್ಸ್ಟಾಪನ್ನೇ.

"ನೋಡಿ ಭಾವ, ಶೋನೂ ಆಯ್ತು, ರೇಸೂ ಆಯ್ತು" ಅಂದೆ. ಅವರು ಸೋಲೊಪ್ಪುವವರಲ್ಲ. ನಿಜವಾದ ಟ್ರ್ಯಾಕ್ ಅಂದರೆ ಬೆಲ್ಜಿಯಂನ ಸ್ಪಾ, ಚರಿತ್ರೆ ಅಂದರೆ ಮೊನಾಕೋ ಎಂದರು. ನನಗೆ ಬೇಕಿದ್ದೂ ಅದೇ. ಸ್ಪಾದಲ್ಲಿ 2021ರಲ್ಲಿ ಏನಾಯಿತು? ಮಳೆಯಲ್ಲಿ ಜನ ಮೂರು ಗಂಟೆಗೂ ಜಾಸ್ತಿ ನೆನೆದರು. ಯಾರೂ ಯಾರನ್ನೂ ಹಿಂದೆ ಹಾಕದಂತೆ ಮುಂದೆ ನಿಧಾನ ಓಡುವ ಸೇಫ್ಟಿ ಕಾರ್ ಹಿಂದೆ ನಾಲ್ಕು ಹೆಜ್ಜೆ ಹಾಕಿಸಿ, ಅದನ್ನೇ ರೇಸ್ ಎಂದು ಕರೆದು ಅರ್ಧ ಪಾಯಿಂಟ್ ಹಂಚಿದರು. ಅಲ್ಲಿ ದೀಪಾಲಂಕಾರ ಎಲ್ಲಿತ್ತು? ಮೊನಾಕೋದಲ್ಲಂತೂ ಈ ಜಗಳದ ಮರುವರ್ಷ, 2024ರಲ್ಲಿ, ಮೊದಲ ಹತ್ತು ಮಂದಿ ಹೊರಟ ಸಾಲಿನಲ್ಲೇ ಬಂದು ಮುಟ್ಟಿದರು, ದೇವರ ಉತ್ಸವದ ಹಾಗೆ. ಎರಡು ಮೀಟರ್ ಅಗಲದ ಆಗಿನ ಕಾರಿಗೆ ಆ ಬೀದಿಯಲ್ಲಿ ಪಕ್ಕಕ್ಕೆ ಜಾಗವೆಲ್ಲಿತ್ತು? ಬಂದರಿನಲ್ಲಿ ದೋಣಿ ನಿಲ್ಲಿಸಿಕೊಂಡು ಪಾರ್ಟಿ ಮಾಡುವವರಿಗಾಗಿ ಇರುವ ರೇಸ್ ಅದು. ಹಳೇದು ಅಂತ ನಾವು ಅದನ್ನು ಶೋ ಅನ್ನುವುದಿಲ್ಲ, ಅಷ್ಟೇ.

ಭಾವ ಸ್ವಲ್ಪ ಹೊತ್ತು ಸೋಫಾದ ಸಂದಿಯಿಂದ ಕಡಲೆಬೀಜ ಆರಿಸುತ್ತಿದ್ದರು. ಆಮೇಲೆ ಹೇಳಿದರು, "ದೀಪ ಹಾಕಲಿ ಕಣೋ, ಯಾರು ಬೇಡ ಅಂದ್ರು? ಬುದ್ಧ್‌ನಲ್ಲೂ ಧೂಳಿತ್ತು, ನಾಯಿ ಬಂತು, ಕ್ಷಮಿಸಿದ್ವಿ. ನಮಗೆ ಹೊಸದು. ವೇಗಸ್‌ನಲ್ಲಿ ರೇಸ್ ನಡೆಸ್ತಿರೋದು ಫಾರ್ಮುಲಾ ಒನ್‌ನೋರೇ. ರಸ್ತೆ ನೋಡ್ಕೋಬೇಡ್ವಾ ಮೊದಲು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಟಾಸ್‌ಗೆ ಚಾನೆಲ್ ಬದಲಾಯಿಸಿದೆವು.

2025ರಲ್ಲಿ ವೇಗಸ್ ರೇಸನ್ನು ರಾತ್ರಿ ಎಂಟಕ್ಕೆ ತಂದರು. ಒಳ್ಳೇದಾಯಿತು ಅಂದುಕೊಂಡೆ. ಎರಡನೇ ಪ್ರಾಕ್ಟೀಸ್ ದಿನ, ನಮಗದು ಶುಕ್ರವಾರ ಬೆಳಿಗ್ಗೆ, ನಾನು ಆಫೀಸ್ ಮೀಟಿಂಗ್‌ನಲ್ಲಿದ್ದೆ. ಮ್ಯಾನ್‌ಹೋಲ್ ಅಲುಗಾಡುತ್ತಿದೆ ಎಂದು ಸೆಷನ್ ನಿಲ್ಲಿಸಿದ್ದರು. ಫೋನ್ ಗುರ್ ಅಂದಿತು. ಇದೇ ನೋಡಿ ಆ ಸ್ಕ್ರೀನ್‌ಶಾಟ್. ಭಾವನ ಮೆಸೇಜ್, ಒಂದೇ ಪದ: "ಮುಚ್ಚಳ."