ಹೊರಡುವ ಮೊದಲು ಮರಳುವ ನೀರು ನೋಡಿ

ಕೇಳುಗರೇ, ನಮಸ್ಕಾರ.

ಮಳೆಗಾಲ ಮುಗಿದು ಕಾರವಾರದ ಕಾಳಿ ನದಿಯ ನೀರು ತಿಳಿಯಾಯಿತೆಂದರೆ ಸದಾಶಿವಗಡ, ಕೋಡಿಬಾಗದ ಕಡೆ ಸಣ್ಣ ದೋಣಿಗಳ ಓಡಾಟ ಜಾಸ್ತಿಯಾಗುತ್ತದೆ. ಮೀನಿಗೆ ಹೋಗುವ ಪಾತಿ ದೋಣಿಗಳ ನಡುವೆ ಈಗ ಬಣ್ಣದ ಕಯಾಕ್‌ಗಳೂ ಕಾಣುತ್ತವೆ. ಹುಟ್ಟು ಹಿಡಿದು ತಾವೇ ದೋಣಿ ನಡೆಸಬೇಕೆಂಬ ಆಸೆ ನಮ್ಮ ಹುಡುಗ ಹುಡುಗಿಯರಿಗೆ ಬಂದಿರುವುದು ನನಗೆ ಖುಷಿಯ ಸಂಗತಿ. ಅವರಿಗಾಗಿಯೇ ಇವತ್ತಿನ ಮಾತು.

ನಮ್ಮ ಹೊಳೆಗಳು ಕಡಲು ಹತ್ತಿರವಾದಂತೆ ಎರಡೂ ಕಡೆ ಹರಿಯುತ್ತವೆ. ಉಬ್ಬರದಲ್ಲಿ ನೀರು ಒಳಕ್ಕೆ ಏರುತ್ತದೆ, ಇಳಿತದಲ್ಲಿ ಅಳಿವೆಯತ್ತ, ಅಂದರೆ ಹೊಳೆ ಕಡಲು ಸೇರುವ ಬಾಯಿಯತ್ತ, ಓಡುತ್ತದೆ. ಸುಮಾರು ಆರು ಗಂಟೆಗೊಮ್ಮೆ ಈ ಬದಲಾವಣೆ. ಆ ಹೊತ್ತೂ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಈ ಭಾನುವಾರ ಹತ್ತು ಗಂಟೆಗೆ ಸುಮ್ಮನಿದ್ದ ನೀರು ಬರುವ ಬುಧವಾರ ಅದೇ ಹೊತ್ತಿಗೆ ಎಳೆಯುತ್ತಿರಬಹುದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಂತೂ ಸೆಳೆತ ಇನ್ನೂ ಜೋರು.

ಇಳಿತದಲ್ಲಿ ಹೊರಟವರಿಗೆ ಹೋಗುವಾಗ ಕಷ್ಟವೇ ಗೊತ್ತಾಗುವುದಿಲ್ಲ. ಹುಟ್ಟು ಹಾಕದಿದ್ದರೂ ದೋಣಿ ಸಾಗುತ್ತದೆ. ತಿರುಗಿಸಿದಾಗಲೇ ತೋಳಿಗೆ ತಿಳಿಯುವುದು. ಇಳಿತ ಶುರುವಾಗಿ ಮೂರನೇ, ನಾಲ್ಕನೇ ಗಂಟೆಯಲ್ಲಿ ಹರಿವು ಸಾಮಾನ್ಯವಾಗಿ ಬಹಳ ಬಿರುಸು. ಅಷ್ಟರಲ್ಲಿ ಮಧ್ಯಾಹ್ನವಾಗಿ ಕಡಲ ಗಾಳಿ ಎದ್ದಿರುತ್ತದೆ. ಹೊರಗೆ ಓಡುವ ನೀರಿಗೆ ಒಳಗೆ ಬೀಸುವ ಗಾಳಿ ಎದುರಾದರೆ ಅಳಿವೆಯಲ್ಲಿ ಗಿಡ್ಡನೆಯ, ಕಡಿದಾದ ಅಲೆಗಳು ಒಂದರ ಹಿಂದೊಂದು ಏಳುತ್ತವೆ. ಸಣ್ಣ ದೋಣಿಗೆ ನೀರು ತುಂಬಲು ಅಂಥ ನಾಲ್ಕು ಅಲೆ ಸಾಕು. ಕಾಳಿ ಇರಲಿ, ಅಘನಾಶಿನಿ ಇರಲಿ, ಶರಾವತಿ ಇರಲಿ, ಹೊಸಬರು ಅಳಿವೆಯ ಹತ್ತಿರ ಹೋಗಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಉಬ್ಬರ ಏರುವಾಗ ಹೊಳೆಯ ಒಳಗೆ ಹೋಗಿ, ಇಳಿತ ಶುರುವಾದಾಗ ಅದರ ಜೊತೆ ಹೊರಟ ದಡಕ್ಕೇ ಬನ್ನಿ. ದಣಿದ ಮೈಗೆ ನೀರೇ ಸಹಾಯ ಮಾಡುತ್ತದೆ. ದಡ ದಾಟಿ ಕೆಳಗೆ ಜಾರದಂತೆ ಅಂಚು ಹಿಡಿದೇ ಬರಬೇಕು, ಅಷ್ಟೇ. ಆ ದಿನದ ಉಬ್ಬರದ ಹೊತ್ತನ್ನು ಅಲ್ಲಿನ ಮೀನುಗಾರರನ್ನು ಕೇಳಿ. ಅವರು ಬೇಡ ಎಂದರೆ ಬೇಡ.

ಮಳೆಗಾಲದಲ್ಲಿ ಇದ್ಯಾವ ಲೆಕ್ಕವೂ ನಡೆಯುವುದಿಲ್ಲ. ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಕೆಳಗಿನ ಕಾಳಿ ನೋಡುನೋಡುತ್ತಿದ್ದಂತೆ ಏರುತ್ತದೆ. ಆಗ ದೋಣಿ ದಡದ ಮೇಲೇ ಇರಲಿ.

ಇನ್ನು ಲೈಫ್ ಜಾಕೆಟ್. 2019ರ ಜನವರಿ 21ರಂದು ಕಾರವಾರದ ಹತ್ತಿರದ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಅದು ದೊಡ್ಡ ದೋಣಿ. ನಾವು ಮಾತಾಡುತ್ತಿರುವುದು ಒಬ್ಬರೋ ಇಬ್ಬರೋ ಕೂರುವ ದೋಣಿಯ ಬಗ್ಗೆ, ಮಗುಚಲು ಅಲೆಯೇ ಬೇಕಿಲ್ಲ, ಒಬ್ಬರು ಎದ್ದು ನಿಂತರೆ ಸಾಕು. ನನಗೆ ಈಜು ಬರುತ್ತದೆ ಎನ್ನುವವರೇ ಜಾಕೆಟ್ ಬೇಡ ಎನ್ನುತ್ತಾರೆ, ಅಲ್ವಾ? ತಲೆಗೆ ದೋಣಿಯ ಅಂಚು ಬಡಿದರೆ, ಕಾಲು ಸೆಟೆದುಕೊಂಡರೆ ಈಜು ಎಲ್ಲಿಂದ ಬರಬೇಕು? ಜಾಕೆಟ್ ತೊಟ್ಟು, ಎಲ್ಲ ಪಟ್ಟಿ ಬಿಗಿದು, ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆಯಿರಿ. ಕಿವಿಯವರೆಗೆ ಬಂದರೆ ಅದು ಸಡಿಲ. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಲೇಬೇಡಿ, ನೀರಿಗೆ ಬಿದ್ದಾಗ ಮಗು ಕೆಳಗೆ ಜಾರಿ ಜಾಕೆಟ್ ಮಾತ್ರ ತೇಲುತ್ತದೆ.

ದೋಣಿ ಮಗುಚಿದರೆ? ದಡ ಹತ್ತಿರವೇ ಇದೆ ಅನಿಸಿದರೂ ದೋಣಿ ಬಿಟ್ಟು ಈಜಬೇಡಿ. ಹೆಚ್ಚಿನ ದೋಣಿಗಳು ಮಗುಚಿದರೂ ತೇಲುತ್ತವೆ. ಹುಡುಕಿ ಬರುವವರಿಗೂ ದೂರದಿಂದ ದೋಣಿ ಕಾಣುತ್ತದೆ, ತಲೆ ಕಾಣುವುದಿಲ್ಲ. ನೀರು ಬರುವ ಕಡೆಯ ತುದಿ ಹಿಡಿದುಕೊಳ್ಳಿ. ಇನ್ನೊಂದು ಕಡೆ ಇದ್ದರೆ ದೋಣಿಗೂ ಸೇತುವೆಯ ಕಂಬಕ್ಕೂ ನಡುವೆ ಸಿಕ್ಕಿಕೊಳ್ಳುವ ಅಪಾಯವಿದೆ. ಉಪ್ಪುನೀರಿನ ಅಂಚಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳೂ ಹಾಗೇ. ನೋಡಲು ಎಷ್ಟೇ ಚಂದವಿರಲಿ, ಸೆಳೆತವಿದ್ದಾಗ ಅವುಗಳ ಸಂದಿನಲ್ಲಿ ನೀರು ದಾಟುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ.

ಮುಳುಗುತ್ತಿರುವವರನ್ನು ಕಂಡು ಹಿಂದೆ ಮುಂದೆ ನೋಡದೆ ಹಾರಬೇಡಿ. ಹಗ್ಗ ಎಸೆಯಿರಿ, ಬಾಯಿ ಮುಚ್ಚಿದ ಖಾಲಿ ಕ್ಯಾನ್ ಎಸೆಯಿರಿ, ಉದ್ದದ ಕೋಲು ಚಾಚಿ. ಜೊತೆಗೇ ಇನ್ನೊಬ್ಬರು 112ಕ್ಕೆ ಫೋನ್ ಮಾಡಲಿ. ಕಡಲಿನಲ್ಲಾದರೆ ಕರಾವಳಿ ಕಾವಲು ಪಡೆಯ ಸಂಖ್ಯೆ 1554. ದೋಣಿಯಲ್ಲಿ ಹೋಗುವವರು ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ ಮೈಗೇ ಕಟ್ಟಿಕೊಳ್ಳಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಗಂಟೆಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ ಹೊರಡಿ. ಆ ಹೊತ್ತು ದಾಟಿದರೆ ಮನೆಯವರು ಕಾಯುತ್ತ ಕೂರದೆ ತಕ್ಷಣ ಫೋನ್ ಮಾಡಬೇಕು, ಅದನ್ನೂ ಹೇಳಿಯೇ ಹೊರಡಿ.

ನಮಸ್ಕಾರ.