ಚಿಕ್ಕ ಸಂಸ್ಥಾನ, ದೊಡ್ಡ ದಫ್ತರ: ಜಮಖಂಡಿ, ಮುಧೋಳ, ರಾಮದುರ್ಗಗಳ ಆಡಳಿತ ನಡೆದ ಬಗೆ

ಸಭಿಕರೆಲ್ಲರಿಗೂ ನಮಸ್ಕಾರ.

ಬ್ರಿಟಿಷರ ಕಾಲದ ದೇಶೀ ಸಂಸ್ಥಾನ ಎಂದರೆ ನಮಗೆ ಮೊದಲು ನೆನಪಾಗುವುದು ಮೈಸೂರು, ಆಮೇಲೆ ಹೈದರಾಬಾದು. ಆದರೆ ಇಂಥ ದೊಡ್ಡ ರಾಜ್ಯಗಳು ಬೆರಳೆಣಿಕೆಯವು. 1929ರಲ್ಲಿ ವರದಿ ಕೊಟ್ಟ ಬಟ್ಲರ್ ಸಮಿತಿ ಲೆಕ್ಕ ಹಿಡಿದದ್ದು 562 ಸಂಸ್ಥಾನಗಳನ್ನು. ಅವುಗಳಲ್ಲಿ 108 ಸಂಸ್ಥಾನಗಳ ಅರಸರು ಮಾತ್ರ ಅರಸರ ಸಭೆಯಾದ ನರೇಂದ್ರ ಮಂಡಲದಲ್ಲಿ ಸ್ವಂತ ಹಕ್ಕಿನಿಂದ ಕೂರುತ್ತಿದ್ದರು. ಇನ್ನು 127 ಸಂಸ್ಥಾನಗಳು ಸೇರಿ 12 ಪ್ರತಿನಿಧಿಗಳನ್ನು ಕಳಿಸುತ್ತಿದ್ದವು. ಉಳಿದ 327ಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ದೇಶೀ ಸಂಸ್ಥಾನಗಳ ಆಡಳಿತ ಹೇಗಿತ್ತೆಂದು ಕೇಳುವಾಗ ನಾವು ನೋಡಬೇಕಾದದ್ದು ಹೆಚ್ಚಾಗಿ ಈ ಚಿಕ್ಕವನ್ನೇ.

ನಮ್ಮ ಉತ್ತರ ಕರ್ನಾಟಕದಲ್ಲೇ ಇಂಥವು ಹಲವಿದ್ದವು. 1901ರ ಹೊತ್ತಿಗೆ ಪಟವರ್ಧನರ ಜಮಖಂಡಿ 524 ಚದರ ಮೈಲಿ, ಜನ ಒಂದು ಲಕ್ಷದ ಮೇಲೆ. ಘೋರ್ಪಡೆಯವರ ಮುಧೋಳ 369 ಚದರ ಮೈಲಿ, ಜನ 63 ಸಾವಿರ. ಭಾವೆಯವರ ರಾಮದುರ್ಗ 169 ಚದರ ಮೈಲಿ, ಜನ 38 ಸಾವಿರದ ಹತ್ತಿರ. ಸವಣೂರು ನವಾಬರದು ಬರೀ 70 ಚದರ ಮೈಲಿ, ಜನ 18 ಸಾವಿರ. ಮುಧೋಳ ಅಂದರೆ ಇಂದಿನ ಒಂದು ತಾಲೂಕಿನಷ್ಟು. ಆ ತಾಲೂಕಿಗೆ ಒಬ್ಬ ದಿವಾನ, ಒಂದು ಖಜಾನೆ, ಒಂದು ಮೇಲಿನ ಕೋರ್ಟು, ಜೈಲು, ಪೊಲೀಸು, ಶಾಲಾ ಖಾತೆ, ದವಾಖಾನೆ, ಮೇಲೆ ಒಂದು ಅರಮನೆ.

ಈ ಸಂಸ್ಥಾನಗಳ ಪ್ರಜೆಗಳ ಕಷ್ಟಕ್ಕೆ ಅರಸರ ಗುಣಾವಗುಣಗಳನ್ನೇ ಕಾರಣ ಮಾಡುವುದು ರೂಢಿ. ಒಳ್ಳೆಯ ಅರಸರೂ ಇದ್ದರು, ಕೆಟ್ಟವರೂ ಇದ್ದರು. ಆದರೆ ದಫ್ತರಗಳನ್ನು ನೋಡುತ್ತ ಹೋದರೆ ಕಾಣುವ ಕಾರಣ ಬೇರೆ: ಒಂದು ರಾಜ್ಯಕ್ಕೆ ಬೇಕಾದ ಎಲ್ಲ ಖರ್ಚನ್ನೂ ಒಂದು ತಾಲೂಕಿನ ಹುಟ್ಟುವಳಿಯಿಂದ ತೂಗಿಸಬೇಕಿತ್ತು. ಎಷ್ಟೇ ಒಳ್ಳೆಯ ಅರಸ ಬಂದರೂ ಈ ಲೆಕ್ಕ ಬದಲಾಗುತ್ತಿರಲಿಲ್ಲ.

ಮೊದಲು ಇವು ಉಳಿದ ಬಗೆ. 1818ರಲ್ಲಿ ಪೇಶ್ವೆ ಬಿದ್ದ ಮೇಲೆ ಅವನ ಕೈಕೆಳಗಿನ ದಕ್ಷಿಣದ ಜಹಗೀರುದಾರರ ಜೊತೆ ಕಂಪನಿ ಬೇರೆ ಬೇರೆ ಕರಾರು ಮಾಡಿಕೊಂಡಿತು. ಪೇಶ್ವೆಗೆ ಇಷ್ಟು ಕುದುರೆ ಸವಾರರನ್ನು ಕೊಡಬೇಕು ಎಂಬ ಹಳೆಯ ಹೊಣೆ ಮುಂದೆ ರೊಕ್ಕಕ್ಕೆ ಬದಲಾಯಿತು. ಮುಧೋಳ ವರ್ಷಕ್ಕೆ 2,672 ರೂಪಾಯಿ ಕೊಡುತ್ತಿತ್ತು, ಜಮಖಂಡಿ 20 ಸಾವಿರಕ್ಕೂ ಮಿಕ್ಕಿ. ಗಂಡು ಸಂತಾನವಿಲ್ಲದೆ ಅರಸ ತೀರಿದರೆ ದತ್ತಕಕ್ಕೆ ಒಪ್ಪಿಗೆ ಸಿಗುವ ಖಾತ್ರಿ ಇರಲಿಲ್ಲ. ಪಟವರ್ಧನರದೇ ಶಾಖೆಗಳಾದ ತಾಸಗಾಂವ 1848ರಲ್ಲಿ, ಶೇಡಬಾಳ 1857ರಲ್ಲಿ ಹೀಗೆಯೇ ಹೋದವು. ನರಗುಂದದ ಬಾಬಾಸಾಹೇಬರಿಗೂ ದತ್ತಕ ನಿರಾಕರಿಸಿದರು. 1858ರ ಮೇ 29ರಂದು ಸುರೇಬಾನದಲ್ಲಿ ಸಂಸ್ಥಾನಗಳ ಮೇಲ್ವಿಚಾರಣೆಯ ಬ್ರಿಟಿಷ್ ಅಧಿಕಾರಿ, ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೊಲೆಯಾಯಿತು, ಜೂನ್‌ನಲ್ಲಿ ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು, ನರಗುಂದ ಬ್ರಿಟಿಷ್ ಜಿಲ್ಲೆಗೆ ಸೇರಿತು. ಅದೇ ಮನೆತನದ ರಾಮದುರ್ಗ ಉಳಿಯಿತು. 1862ರಲ್ಲಿ ವೈಸರಾಯ್ ಕ್ಯಾನಿಂಗ್ ಕೊಟ್ಟ ದತ್ತಕದ ಸನದುಗಳಿಂದ, ಅಂದರೆ ಹಕ್ಕುಪತ್ರಗಳಿಂದ, ಉಳಿದವರಿಗೆ ಉಸಿರು ಬಂತು. ಅಲ್ಲಿಂದ ಮುಂದೆ ಸಂಸ್ಥಾನ ಅಳಿಯುವ ಭಯ ಹೋಯಿತು, ಆದರೆ ಪ್ರತಿ ಕೆಲಸಕ್ಕೂ ಮೇಲಿನ ಒಪ್ಪಿಗೆ ಕೇಳುವುದು ನಿಂತಿತೆಂದಲ್ಲ.

ನಕ್ಷೆಯನ್ನು ನೋಡಿದರೆ ಎರಡನೆಯ ತೊಡಕು ಕಾಣುತ್ತದೆ. ಈ ಸಂಸ್ಥಾನಗಳ ನೆಲ ಒಂದೇ ಕಡೆ ಇರಲಿಲ್ಲ. ಸಾಂಗಲಿಯವರ ಶಿರಹಟ್ಟಿ ಧಾರವಾಡ ಜಿಲ್ಲೆಯ ನಡುವೆ, ಶಹಾಪುರ ಬೆಳಗಾವಿ ಊರಿಗೆ ಅಂಟಿಕೊಂಡು. ಮಿರಜಿನವರ ಲಕ್ಷ್ಮೇಶ್ವರ ಇನ್ನೊಂದು ಕಡೆ. ಜಮಖಂಡಿಯವರ ಕುಂದಗೋಳ ಹುಬ್ಬಳ್ಳಿಯ ಮಗ್ಗುಲಿಗೆ, ಅಂದರೆ ರಾಜಧಾನಿಯಿಂದ ನೇರ ಗೆರೆ ಎಳೆದರೂ 80 ಮೈಲಿಗೆ ಮೇಲೆ.

ಇದರ ಪರಿಣಾಮ ಏನೆಂದು ಕುಂದಗೋಳದ ಒಂದು ಕಳ್ಳತನವನ್ನು ಇಟ್ಟುಕೊಂಡು ನೋಡೋಣ. ಕಳ್ಳ ರಾತ್ರಿ ಎತ್ತು ಹೊಡೆದುಕೊಂಡು ಹುಬ್ಬಳ್ಳಿಗೆ ಹೋದ ಅನ್ನಿ, ಹತ್ತು-ಹನ್ನೆರಡು ಮೈಲಿ. ಹುಬ್ಬಳ್ಳಿ ಬ್ರಿಟಿಷ್ ಇಂಡಿಯಾ. ಸಂಸ್ಥಾನದ ಫೌಜದಾರ ಅಲ್ಲಿ ಹೋಗಿ ಅವನ ಕೈ ಹಿಡಿಯುವಂತಿಲ್ಲ. 1903ರ ಹಸ್ತಾಂತರ ಕಾಯ್ದೆಯ 7ನೆಯ ಕಲಮಿನಂತೆ ಪೊಲಿಟಿಕಲ್ ಏಜೆಂಟನು ಆ ಜಿಲ್ಲೆಯ ಮ್ಯಾಜಿಸ್ಟ್ರೇಟನ ಹೆಸರಿಗೆ ವಾರಂಟ್ ಬರೆಯಬೇಕು. ಹಾಗಾಗಿ ಕಾಗದ ಕುಂದಗೋಳದಿಂದ ಜಮಖಂಡಿಗೆ, ಜಮಖಂಡಿಯಿಂದ ಕೊಲ್ಲಾಪುರದ ಏಜೆಂಟನ ಕಚೇರಿಗೆ, ಅಲ್ಲಿಂದ ಧಾರವಾಡಕ್ಕೆ, ಧಾರವಾಡದಿಂದ ಹುಬ್ಬಳ್ಳಿಗೆ. ಅಪರಾಧ ಕಾಯ್ದೆಯ ಪರಿಶಿಷ್ಟದಲ್ಲಿ ಇದ್ದರೆ ಮಾತ್ರ ಈ ದಾರಿ. ಚಿಲ್ಲರೆ ಅಪರಾಧಕ್ಕೆ ಅದೂ ಇಲ್ಲ. ಅಷ್ಟರೊಳಗೆ ಎತ್ತು ಎರಡು ಸಂತೆ ದಾಟಿರುತ್ತಿತ್ತು. ರೈಲುಹಳಿ ಬಂದ ಮೇಲೆ ಇದಕ್ಕೊಂದು ಗಂಟು ಕೂಡಿತು: ಸಂಸ್ಥಾನದೊಳಗೆ ಹಾದುಹೋಗುವ ಮುಖ್ಯ ಹಳಿ, ಸ್ಟೇಶನ್ ಆವರಣ ಇವುಗಳ ದಿವಾಣಿ, ಫೌಜದಾರಿ ಅಧಿಕಾರವನ್ನು ಅರಸರು ಬ್ರಿಟಿಷರಿಗೆ ಬಿಟ್ಟುಕೊಡಬೇಕಿತ್ತು. ಊರು ಅರಸನದು, ಊರಿನ ಸ್ಟೇಶನ್ ಅವನದಲ್ಲ.

ಇನ್ನು ಕಚೇರಿಯ ಒಳಗೆ ಬರೋಣ. ಅರಸನ ಕೆಳಗೆ ಕಾರಭಾರಿ. ಮುಂದೆ ಅವನನ್ನೇ ದಿವಾನ ಎಂದು ಕರೆದರು. ಅವನ ಹುಜೂರು ಕಚೇರಿಯಲ್ಲಿ ಲೆಕ್ಕಕ್ಕೆ ಫಡ್ನೀಸ, ಖಜಾನೆಗೆ ಪೋತನೀಸ, ಪತ್ರವ್ಯವಹಾರಕ್ಕೆ ಚಿಟ್ನೀಸ. ತಾಲೂಕಿಗೆ ಮಾಮಲೇದಾರ, ಅದಕ್ಕಿಂತ ಸಣ್ಣ ಭಾಗವಾದ ಪೇಟಾಕ್ಕೆ ಮಹಾಲಕರಿ. ಹಳ್ಳಿಯಲ್ಲಿ ಗೌಡ, ಕುಲಕರ್ಣಿ, ತಳವಾರ, ವತನದ ಮೇಲೆ, ಅಂದರೆ ವಂಶಪಾರಂಪರ್ಯದ ಹಕ್ಕಿನಿಂದ. ಆಳುವವರು ಮರಾಠಿ ಮಾತಿನವರು, ದಫ್ತರ ಮರಾಠಿಯ ಕೂಡುಬರಹವಾದ ಮೋಡಿ ಲಿಪಿಯಲ್ಲಿ, ಒಕ್ಕಲುತನದ ಜನ ಕನ್ನಡದವರು. ತನ್ನ ಹೊಲದ ಕಾಗದದಲ್ಲಿ ಏನಿದೆ ಎಂದು ತಿಳಿಯಲು ರೈತ ಕುಲಕರ್ಣಿಯ ಬಾಯನ್ನೇ ನಂಬಬೇಕಿತ್ತು. ಈ ಆಡಳಿತದಲ್ಲಿ ಜನರಿಗೆ ದಿನದಿನವೂ ತಟ್ಟಿದ ಅನ್ಯಾಯ ಇದು ಎಂದೇ ನಾನು ತಿಳಿದಿದ್ದೇನೆ.

ಹುಟ್ಟುವಳಿಯ ಬಹುಪಾಲು ಬರುತ್ತಿದ್ದದ್ದು ಭೂಕಂದಾಯದಿಂದ. ಹಳೆಯ ಅಂದಾಜಿನ ಪದ್ಧತಿಯನ್ನು ಬಿಟ್ಟು ಬಹುತೇಕ ಸಂಸ್ಥಾನಗಳು ಮುಂಬಯಿ ಸರಕಾರದ ಸರ್ವೆಯನ್ನೇ ತಂದುಕೊಂಡವು. ಅಳತೆಗೆ 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದರೆ ಒಂದು ಗುಂಟೆ. 40 ಗುಂಟೆಗೆ ಎಕರೆ. ಅಳತೆ ಮುಗಿದ ಮೇಲೆ ಪ್ರತವಾರಿ, ಅಂದರೆ ಮಣ್ಣಿನ ದರ್ಜೆ ಕಟ್ಟುವುದು. ಹೊಲದಲ್ಲಿ ಅಲ್ಲಲ್ಲಿ ತೋಡಿ ಮಣ್ಣಿನ ಆಳ ನೋಡುತ್ತಿದ್ದರು. ಉತ್ತಮ ಎರೆಮಣ್ಣು ಒಂದೂಮುಕ್ಕಾಲು ಮೊಳ ಆಳ ಇದ್ದರೆ 16 ಆಣೆ, ಅಂದರೆ ಪೂರ್ತಿ ದರ. ಒಂದು ಮೊಳಕ್ಕೆ ಇಳಿದರೆ 10 ಆಣೆ. ಕಾಲು ಮೊಳವೇ ಆದರೆ ನಾಲ್ಕೂವರೆ ಆಣೆ. ಮಸಾರಿಗೆ, ಮರಡಿಗೆ ಇನ್ನೂ ಕಡಿಮೆ. ಸುಣ್ಣಕಲ್ಲು, ಮರಳು, ಇಳಿಜಾರು, ಜವಳು, ಹೀಗೆ ಒಂದೊಂದು ದೋಷಕ್ಕೂ ಒಂದೊಂದು ದರ್ಜೆ ಇಳಿಸಬೇಕು.

ಲೆಕ್ಕ ಹೀಗೆ ನಡೆಯುತ್ತದೆ. ಊರಿಗೆ ಎಕರೆಗೆ ಒಂದೂಕಾಲು ರೂಪಾಯಿ ಮೇಲಿನ ದರ ಗೊತ್ತುಮಾಡಿದ್ದಾರೆ ಅನ್ನಿ. 8 ಎಕರೆ ಹೊಲ, ದರ್ಜೆ 12 ಆಣೆ. ಎಂಟಕ್ಕೆ ಒಂದೂಕಾಲು ಕಟ್ಟಿದರೆ 10 ರೂಪಾಯಿ, ಅದರ ಮುಕ್ಕಾಲು ಪಾಲು ಏಳೂವರೆ ರೂಪಾಯಿ ಸಾರಾ, ಅಂದರೆ ಭೂಕಂದಾಯ. ಬ್ರಿಟಿಷ್ ಮುಂಬಯಿಯಲ್ಲಿ ಇದರ ಮೇಲೆ ರೂಪಾಯಿಗೆ ಒಂದಾಣೆ ಲೋಕಲ್ ಫಂಡ್ ಪಟ್ಟಿ. ಈ ಪದ್ಧತಿಯ ಜೀವ ಇರುವುದು ದರ್ಜೆ ಕಟ್ಟುವವನ ಕೈಯಲ್ಲಿ. ಅವನು ಹಳ್ಳದ ಬದಿಯ ಆಳದ ಮಣ್ಣಿನಲ್ಲೇ ತೋಡಿ ಇಡೀ ಹೊಲಕ್ಕೆ 14 ಆಣೆ ಬರೆದರೆ ಮುಂದಿನ 30 ವರ್ಷ ರೈತ ಆ ತಪ್ಪಿನ ಸಾರಾ ಕೊಡುತ್ತಾನೆ. ಬ್ರಿಟಿಷ್ ಜಿಲ್ಲೆಯಲ್ಲಿ ಸರ್ವೆ ಖಾತೆಯ ಮೇಲಿನ ಅಧಿಕಾರಿಗಳು ಕೆಲವು ಹೊಲಗಳನ್ನು ಮತ್ತೆ ತೋಡಿ ತಾಳೆ ನೋಡುತ್ತಿದ್ದರು. ಚಿಕ್ಕ ಸಂಸ್ಥಾನಕ್ಕೆ ಅಷ್ಟು ದೊಡ್ಡ ಖಾತೆ ಕಟ್ಟುವ ಶಕ್ತಿ ಎಲ್ಲಿಂದ ಬರಬೇಕು? ಎರವಲು ತಂದ ಸರ್ವೆಯವರು ಹೋದ ಮೇಲೆ ಪೋಟು ಹಿಸ್ಸೆಗಳ, ಅಂದರೆ ಒಂದು ನಂಬರಿನೊಳಗಿನ ಪಾಲುಗಳ, ಅಳತೆ ನಿಂತುಹೋಗುತ್ತಿತ್ತು. ಅಣ್ಣತಮ್ಮಂದಿರು ಹಿಸ್ಸೆಯಾದರೂ ಕಾಗದದಲ್ಲಿ ಹೊಲ ಹಳೆಯ ಒಂದೇ ನಂಬರಿನಲ್ಲಿ ಉಳಿಯುತ್ತಿತ್ತು.

ಜಮಾ ಬಂದ ರೊಕ್ಕಕ್ಕೆ ಎರಡು ಬಾಯಿ: ದೌಲತ್ತು ಮತ್ತು ಖಾಸಗಿ. ದೌಲತ್ತು ರಾಜ್ಯದ ಖರ್ಚು, ಖಾಸಗಿ ಅರಸನ ಮನೆಯದು. ಇವೆರಡನ್ನೂ ಬೇರೆ ಇಡಿರಿ ಎಂದು ಏಜೆಂಟನ ಕಚೇರಿ ಹೇಳುತ್ತಲೇ ಇತ್ತು. ದೊಡ್ಡ ರಾಜ್ಯದಲ್ಲಿ ಅರಮನೆಯ ಒಂದು ಮದುವೆ ಬೊಕ್ಕಸದಲ್ಲಿ ಕಾಣುವುದಿಲ್ಲ. ಎರಡು-ಮೂರು ಲಕ್ಷ ಹುಟ್ಟುವಳಿಯ ಸಂಸ್ಥಾನದಲ್ಲಿ ಅದೇ ಮದುವೆಗೆ 50 ಸಾವಿರ ಹೋದರೆ ಆ ವರ್ಷ ಕೆರೆ ದುರಸ್ತಿ ಇಲ್ಲ, ಶಾಲೆಗೆ ಮಾಸ್ತರ ಇಲ್ಲ. ಅರಸ ದುಂದುಗಾರನೇ ಆಗಿರಬೇಕಿಲ್ಲ.

ಬರದಲ್ಲಿ ಈ ಚಿಕ್ಕತನ ಇನ್ನೂ ಕ್ರೂರವಾಗುತ್ತದೆ. ಘಟಪ್ರಭೆಯ ದಂಡೆಯ ಮುಧೋಳ, ಮಲಪ್ರಭೆಯ ದಂಡೆಯ ರಾಮದುರ್ಗ ಎರಡೂ ಮಳೆ ಕಡಿಮೆಯ ಬಯಲುಸೀಮೆ. ವಿಜಾಪುರ ಜಿಲ್ಲೆಗೆ ಮಳೆ ಹೋದರೆ ಮುಂಬಯಿ ಸರಕಾರ ಬೇರೆ ಜಿಲ್ಲೆಯ ರೊಕ್ಕವನ್ನು ಅಲ್ಲಿಗೆ ತಿರುಗಿಸಬಹುದಿತ್ತು. ಮುಧೋಳಕ್ಕೆ ಮಳೆ ಹೋದರೆ ಇಡೀ ರಾಜ್ಯಕ್ಕೇ ಹೋಯಿತು. ಸಾರಾ ಮಾಫಿ ಮಾಡಬೇಕಾದದ್ದೂ ಗಂಜಿ ಕೇಂದ್ರ ತೆರೆಯಬೇಕಾದದ್ದೂ ಅದೇ ವರ್ಷ. ಉಳಿದ ದಾರಿ ಸರಕಾರದ ಸಾಲ ಇಲ್ಲವೇ ಸಾವಕಾರ. ಸಾಲಕ್ಕೂ ಏಜೆಂಟನ ಒಪ್ಪಿಗೆ ಬೇಕು.

ಈ ಏಜೆಂಟ್ ಯಾರು? ಪಟವರ್ಧನ, ಘೋರ್ಪಡೆ, ಭಾವೆ ಸಂಸ್ಥಾನಗಳಿಗೆ ಕೊಲ್ಲಾಪುರದಲ್ಲಿ ಕೂತ ಅಧಿಕಾರಿ. ಸವಣೂರಿಗೆ ಧಾರವಾಡದ ಕಲೆಕ್ಟರನೇ ಏಜೆಂಟ್, ಸಂಡೂರಿಗೆ ಬಳ್ಳಾರಿಯ ಕಲೆಕ್ಟರ್. ಅರಸರು ಪರಸ್ಪರ ರಾಜಕೀಯ ಪತ್ರ ಬರೆಯುವಂತಿಲ್ಲ, ಅವನ ಮೂಲಕವೇ ಹೋಗಬೇಕು. ವರ್ಷಕ್ಕೊಂದು ಆಡಳಿತ ವರದಿ ಗೊತ್ತಾದ ತಲೆಬರಹಗಳ ಕೆಳಗೆ ಕಳಿಸಬೇಕು. ಯುರೋಪಿನ ಪ್ರವಾಸಕ್ಕೂ 1900ರ ಕರ್ಜನ್ ಸುತ್ತೋಲೆಯಂತೆ ಮೊದಲೇ ಅಪ್ಪಣೆ. ಅರಸ ಅಪ್ರಾಪ್ತ ವಯಸ್ಸಿನವನಾದರೆ ಪೂರ್ತಿ ಆಡಳಿತವೇ ಏಜೆಂಟನದು. ಬ್ರಿಟಿಷ್ ನೌಕರಿಯಿಂದ ಒಬ್ಬ ಅನುಭವಿಯನ್ನು ಎರವಲು ತಂದು ಕೂರಿಸುತ್ತಿದ್ದರು. ರಸ್ತೆ, ದವಾಖಾನೆ, ಸರ್ವೆ ಹೆಚ್ಚಾಗಿ ಆಗಿದ್ದು ಇಂಥ ಅವಧಿಗಳಲ್ಲೇ, ಸಾಲವೂ ತೀರುತ್ತಿತ್ತು. ಆದರೆ ಆ ಕೆಲಸಗಳ ಆಯ್ಕೆಯಲ್ಲಿ ಊರವರ ಮಾತು ನಡೆಯುತ್ತಿರಲಿಲ್ಲ. ನ್ಯಾಯದಾನದಲ್ಲೂ ಮಿತಿ ಇತ್ತು. ಜಮಖಂಡಿಯಂಥವರು ತಮ್ಮ ಪ್ರಜೆಗಳ ಕೊಲೆಯ ಖಟ್ಲೆ ನಡೆಸಬಹುದಿತ್ತು, ಬ್ರಿಟಿಷ್ ಪ್ರಜೆಯ ಮೇಲೆ ಅಂಥ ಖಟ್ಲೆ ಏಜೆಂಟನ ಒಪ್ಪಿಗೆಯಿಲ್ಲದೆ ಸಾಧ್ಯವಿರಲಿಲ್ಲ. ಸಂಡೂರಿನಲ್ಲಿ ಮರಣದಂಡನೆಗೆ ಮದರಾಸಿನ ಮಂಜೂರಾತಿ ಬೇಕು.

ಅಧಿಕಾರ ಒಂದು ಕಡೆ, ಹೊಣೆ ಇನ್ನೊಂದು ಕಡೆ ಇದ್ದಾಗ ಏನಾಗುತ್ತದೆ ಎಂಬುದನ್ನು ಹಲಗಲಿ ಮೊದಲೇ ತೋರಿಸಿತ್ತು. 1857ರಲ್ಲಿ ಹತಾರ ಒಪ್ಪಿಸುವ ಕಾಯ್ದೆ ಕಂಪನಿಯದು, ಜಾರಿ ಮಾಡುವ ಹೊಣೆ ಮುಧೋಳದ್ದು. ಬೇಡರು ಒಪ್ಪದಿದ್ದಾಗ ನವೆಂಬರ್ ಕೊನೆಗೆ ಹಲಗಲಿಗೆ ಬಂದದ್ದು ಕಂಪನಿಯ ದಂಡು. ಲಾವಣಿಯಲ್ಲಿ ಉಳಿದ ಆ ಸಾವುಗಳು ಮುಧೋಳದ ಪ್ರಜೆಗಳವು.

1930ರ ದಶಕದಲ್ಲಿ ಪ್ರಜಾ ಪರಿಷತ್ತುಗಳು ಹುಟ್ಟಿದಾಗ ಇದೇ ಪ್ರಶ್ನೆ ಎದ್ದಿತು: ತೆರಿಗೆ ಇಳಿಸಿರಿ ಎಂದು ಕೇಳುವುದು ಯಾರನ್ನು? ಅರಸ ಬೊಕ್ಕಸ ತೋರಿಸುತ್ತಾನೆ, ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟ್ ಅರಸನನ್ನು ತೋರಿಸುತ್ತಾನೆ. ರಾಮದುರ್ಗದಲ್ಲಿ 1939ರ ಏಪ್ರಿಲ್‌ನಲ್ಲಿ ಮುಖಂಡರ ಬಂಧನದಿಂದ ಸಿಟ್ಟಿಗೆದ್ದ ಜನ ಜೈಲಿಗೆ ನುಗ್ಗಿದರು, ಪೊಲೀಸರು ಸತ್ತರು, ಬೆನ್ನಿಗೇ ಊರ ಮೇಲೆ ದಬ್ಬಾಳಿಕೆ ನಡೆಯಿತು. ಅದೇ ವರ್ಷದ ಜನವರಿಯಲ್ಲಿ ಸಾತಾರೆ ಕಡೆಯ ಚಿಕ್ಕ ಸಂಸ್ಥಾನ ಔಂಧದ ಅರಸರು ಗಾಂಧೀಜಿಯ ಸಲಹೆ ಪಡೆದು ಗ್ರಾಮ ಪಂಚಾಯತಿಗಳ ಮೇಲೆ ಕಟ್ಟಿದ ಸಂವಿಧಾನವನ್ನು ಜಾರಿಗೆ ತಂದಿದ್ದರು. ವಿಜಾಪುರ ಸೀಮೆಯ ಕನ್ನಡದ ಗುಣದಾಳವೂ ಆ ಸಂಸ್ಥಾನಕ್ಕೇ ಸೇರಿತ್ತು. ಚಿಕ್ಕದಾಗಿದ್ದದ್ದರಿಂದಲೇ ಔಂಧಕ್ಕೆ ಅದು ಸಾಧ್ಯವಾಯಿತು. ಆದರೆ ಅಲ್ಲಿಯೂ ಹೈಸ್ಕೂಲು, ದೊಡ್ಡ ರಸ್ತೆ, ನೀರಾವರಿಗೆ ಬೇಕಾದ ಬಂಡವಾಳ ಪಂಚಾಯತಿಯಿಂದ ಹುಟ್ಟುವಂಥದ್ದಲ್ಲ.

1948ರ ಫೆಬ್ರವರಿಯಲ್ಲಿ ಜಮಖಂಡಿ ವಿಲೀನಕ್ಕೆ ಒಪ್ಪಿತು, ಮಾರ್ಚ್ 8ರಂದು ದಖ್ಖನದ ಸಂಸ್ಥಾನಗಳ ಆಡಳಿತ ಮುಂಬಯಿ ಸರಕಾರಕ್ಕೆ ಬಂತು. ಜಮಖಂಡಿ, ಮುಧೋಳ ವಿಜಾಪುರ ಜಿಲ್ಲೆಗೆ, ರಾಮದುರ್ಗ ಬೆಳಗಾವಿಗೆ, ಕುಂದಗೋಳ, ಸವಣೂರು ಧಾರವಾಡಕ್ಕೆ ಸೇರಿದವು. ಧ್ವಜ ಇಳಿಸಲು ಒಂದು ದಿನ ಸಾಕಾಯಿತು, ದಫ್ತರ ಬಿಡಿಸಲು ವರ್ಷಗಳು ಬೇಕಾದವು. ವಿಲೀನ ಪ್ರದೇಶದ ಜಹಗೀರು ರದ್ದತಿಗೆ ಮುಂಬಯಿ ಸರಕಾರ 1953ರ ಕಾಯ್ದೆ ತಂದಿತು, ಉಳಿದ ಇನಾಮು ಭೂಮಿಗಳಿಗೆ 1955ರದು. ಎರಡಕ್ಕೂ ಹಳೆಯ ಸನದನ್ನು ಓದಲೇಬೇಕು. ಅದು ಸೇವೆಗೆ ಕೊಟ್ಟ ಇನಾಮೋ, ವ್ಯಕ್ತಿಗೆ ಕೊಟ್ಟ ಜಾತ್ ಇನಾಮೋ, ದೇವಸ್ಥಾನದ್ದೋ? ಪೂರಾ ಮಾಫಿಯೋ, ಜೋಡಿ, ಅಂದರೆ ಕಡಿಮೆ ಸಾರಾ, ಕೊಡಬೇಕಾದದ್ದೋ? ವಂಶಪಾರಂಪರ್ಯವೋ, ಬದುಕಿರುವ ತನಕವೋ? ಎಲ್ಲಕ್ಕಿಂತ ಮುಖ್ಯ, ಅರಸ ಕೊಟ್ಟದ್ದು ಹೊಲವನ್ನೇ, ಇಲ್ಲವೇ ಹೊಲದ ಸಾರಾ ತೆಗೆದುಕೊಳ್ಳುವ ಹಕ್ಕನ್ನು ಮಾತ್ರವೇ? ಮೋಡಿಯಲ್ಲಿ ಬರೆದ ಆ ಒಂದು ಸಾಲು ಓದಿ ಇತ್ಯರ್ಥವಾದ ಮೇಲೆಯೇ ಆ ನೆಲವನ್ನು ಮೂರು ತಲೆಮಾರು ಉತ್ತವನ ಹೆಸರಿಗೆ ಖಾತೆಯಾಗುವುದೋ ಇಲ್ಲವೋ ಎಂಬುದು ಗೊತ್ತಾಗುತ್ತಿತ್ತು.