ಗ್ರೀನ್ ಕಾರ್ಡ್ ಸಾಲು: ನಿಮ್ಮ ಪ್ರಯಾರಿಟಿ ಡೇಟ್ ಕಳ್ಕೊಳ್ಳಬೇಡಿ

[ಪರದೆಯ ಮೇಲೆ: 1 ಏಪ್ರಿಲ್ 2013]

ನಮಸ್ಕಾರ. ಈ ತಾರೀಖು ನೋಡಿ. ಯಾರ ಸರದಿ ಬಂತು ಅಂತ ಅಮೆರಿಕ ಸರ್ಕಾರ ತಿಂಗಳು ತಿಂಗಳು ಹೇಳೋ ಪಟ್ಟಿಯೇ ವೀಸಾ ಬುಲೆಟಿನ್. 2025ರ ಅಕ್ಟೋಬರ್ ವೀಸಾ ಬುಲೆಟಿನ್‌ನಲ್ಲಿ ಭಾರತದ ಇಬಿ-2 (ಉನ್ನತ ಪದವಿ ಇರೋ ಉದ್ಯೋಗಿಗಳ) ಸಾಲಿಗೆ ಕೊಟ್ಟಿದ್ದ ಕಡೇ ತಾರೀಖು ಇದು. ಇದಕ್ಕಿಂತ ಮುಂಚೆ ಸಾಲಿಗೆ ನಿಂತವರಿಗೆ, ಅಂದ್ರೆ ಪ್ರಯಾರಿಟಿ ಡೇಟ್ ಇದಕ್ಕಿಂತ ಹಿಂದಿನದು ಇರೋರಿಗೆ ಮಾತ್ರ ಆ ತಿಂಗಳು ಅಮೆರಿಕದ ಗ್ರೀನ್ ಕಾರ್ಡ್ (ಖಾಯಂ ವಾಸದ ಪರವಾನಗಿ) ಸಿಗೋ ಅವಕಾಶ. ಹನ್ನೆರಡು ವರ್ಷ ದಾಟಿದ ಕಾಯುವಿಕೆ.

ಯಾಕಿಷ್ಟು ತಡ? ಲೆಕ್ಕ ಸರಳ. ಉದ್ಯೋಗದ ಮೇಲೆ ಕೊಡೋ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಇಬಿ-2ಕ್ಕೆ ಅದರಲ್ಲಿ ಶೇಕಡ 28.6, ಹತ್ತಿರ ಹತ್ತಿರ 40,000. ಹೆಂಡತಿ, ಗಂಡ, ಮಕ್ಕಳು ಎಲ್ಲರೂ ಇದರೊಳಗೇ ಬರ್ತಾರೆ. ಒಂದು ದೇಶಕ್ಕೆ ಶೇಕಡ 7ರ ಮಿತಿ ಹಾಕಿದ್ರೆ ಉಳಿಯೋದು ಸುಮಾರು 2,800. ಬೇರೆ ದೇಶದವರು ಬಳಸದೆ ಉಳಿಸಿದ್ದು ನಮ್ಮ ಕಡೆ ಹರಿದು ಬಂದ್ರೆ ಆ ವರ್ಷ ಸಾಲು ಸ್ವಲ್ಪ ಜರುಗುತ್ತೆ, ಇಲ್ಲಾಂದ್ರೆ ಇಲ್ಲ.

ಇಲ್ಲೊಂದು ಮಾತು. ದೇಶ ಅಂದ್ರೆ ಹುಟ್ಟಿದ ದೇಶ, ಪಾಸ್‌ಪೋರ್ಟ್ ಕೊಟ್ಟ ದೇಶ ಅಲ್ಲ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮಂದಿ ದುಬೈಯಲ್ಲೋ ಕುವೈತ್‌ನಲ್ಲೋ ಹುಟ್ಟಿದವರು. ನಿಮ್ಮ ಗಂಡ ಅಥವಾ ಹೆಂಡತಿ ಅಲ್ಲಿ ಹುಟ್ಟಿದ್ರೆ, ಇಬ್ಬರೂ ಆ ದೇಶದ ಲೆಕ್ಕದಲ್ಲಿ ಅರ್ಜಿ ಹಾಕಬಹುದು. ಮಕ್ಕಳು ಹುಟ್ಟಿದ ದೇಶ ಮಾತ್ರ ಅಪ್ಪ-ಅಮ್ಮನಿಗೆ ಉಪಯೋಗಕ್ಕೆ ಬರಲ್ಲ.

[ಪರದೆಯ ಮೇಲೆ: ಪರ್ಮ್ → ಐ-140 → ಐ-485]

ಗ್ರೀನ್ ಕಾರ್ಡ್‌ಗೆ ಮೂರು ಹಂತ: ಕಾರ್ಮಿಕ ಇಲಾಖೆಯ ಒಪ್ಪಿಗೆ ಪರ್ಮ್, ನಿಮಗಾಗಿ ಕಂಪನಿ ವಲಸೆ ಇಲಾಖೆಗೆ ಹಾಕೋ ಅರ್ಜಿ ಐ-140, ಕೊನೆಗೆ ಗ್ರೀನ್ ಕಾರ್ಡ್‌ಗೆ ನೀವೇ ಹಾಕೋ ಅರ್ಜಿ ಐ-485. ಮೊದಲನೆಯದು ಪರ್ಮ್. ಈ ಕೆಲಸಕ್ಕೆ ಅರ್ಹ ಅಮೆರಿಕನ್ ಸಿಗಲಿಲ್ಲ ಅಂತ ಕಂಪನಿ ಕಾರ್ಮಿಕ ಇಲಾಖೆಗೆ ತೋರಿಸಬೇಕು. ಮೊದಲು ಇಲಾಖೆಯೇ ಆ ಕೆಲಸಕ್ಕೆ ಆ ಊರಲ್ಲಿ ಇಷ್ಟು ಸಂಬಳ ಅಂತ ನಿಗದಿ ಮಾಡುತ್ತೆ. ಆಮೇಲೆ ಎರಡು ಭಾನುವಾರ ಪೇಪರಲ್ಲಿ ಜಾಹೀರಾತು, ರಾಜ್ಯದ ಉದ್ಯೋಗ ಕಚೇರಿಯಲ್ಲಿ 30 ದಿನ ಪ್ರಕಟಣೆ, ಆಫೀಸಲ್ಲಿ 10 ಕೆಲಸದ ದಿನ ನೋಟೀಸು, ಜೊತೆಗೆ ಪಟ್ಟಿಯಲ್ಲಿರೋ ಹತ್ತು ವಿಧಾನಗಳಲ್ಲಿ ಇನ್ನೂ ಮೂರು. ಇದರ ವಕೀಲರ ಫೀಸು, ಜಾಹೀರಾತಿನ ಖರ್ಚು ಪೂರ್ತಿ ಕಂಪನಿಯದ್ದೇ. "ಅರ್ಧ ನೀವು ಕೊಡಿ" ಅಂದ್ರೆ ಅದು ನಿಯಮಕ್ಕೆ ವಿರುದ್ಧ.

ಪರ್ಮ್ ಕೆಡೋದು ಹೆಚ್ಚಾಗಿ ಕೆಲಸದ ವಿವರ ಬರೆಯೋ ಹಂತದಲ್ಲೇ. ಅದೇ ಕಂಪನಿಯಲ್ಲಿ ಗಳಿಸಿದ ಅನುಭವ ಸಾಮಾನ್ಯವಾಗಿ ಲೆಕ್ಕಕ್ಕೆ ಬರಲ್ಲ, ಈಗಿನ ಹುದ್ದೆ ಹಿಂದಿನದಕ್ಕಿಂತ ಬಹುಪಾಲು ಬೇರೆ ಅಂತ ತೋರಿಸಿದ್ರೆ ಬರಬಹುದು. ಹಾಗಾಗಿ ಹಳೇ ಕಂಪನಿಗಳ ಅನುಭವ ಪತ್ರ ಬೇಕು. ಸೇರಿದ ದಿನ, ಬಿಟ್ಟ ದಿನ ಇದ್ರೆ ಸಾಲದು, ಮಾಡಿದ ಕೆಲಸ ಏನು ಅಂತಾನೂ ಇರಬೇಕು. ಬಿ.ಇ. ನಾಲ್ಕು ವರ್ಷದ್ದು. ಅದರ ಮೇಲೆ ಐದು ವರ್ಷ ಅನುಭವ ಇದ್ರೆ ಇಬಿ-2ಕ್ಕೆ ಸಾಕು. ಮೂರು ವರ್ಷದ ಬಿ.ಎಸ್ಸಿ., ಬಿ.ಕಾಂ. ಮಾತ್ರ ಇದ್ರೆ ಇಬಿ-2 ಕಷ್ಟ. ಅದರ ಕೆಳಗಿನ ವರ್ಗ ಇಬಿ-3ರಲ್ಲಿ ದಾರಿ ಇದೆ, ಆದ್ರೆ ಯಾವುದನ್ನ ಸಮಾನ ವಿದ್ಯಾರ್ಹತೆ ಅಂತ ಒಪ್ತೀವಿ ಅನ್ನೋದನ್ನ ಕಂಪನಿ ಪರ್ಮ್‌ನಲ್ಲೇ ಬರೆದಿರಬೇಕು. ಆ ಒಂದು ಸಾಲು ಬಿಟ್ಟು ಹೋದ್ರೆ ಐ-140 ಹಂತದಲ್ಲಿ ಪೆಟ್ಟು ಬೀಳುತ್ತೆ, ಆಗ ಪರ್ಮ್ ತಿದ್ದೋಕೆ ಬರಲ್ಲ.

ಪರ್ಮ್ ಅರ್ಜಿ ಇಲಾಖೆಗೆ ಸೇರಿದ ದಿನವೇ ನಿಮ್ಮ ಪ್ರಯಾರಿಟಿ ಡೇಟ್. ರೇಷನ್ ಅಂಗಡಿ ಟೋಕನ್ ಇದ್ದ ಹಾಗೆ. ಆದ್ರೆ ಐ-140 ಮಂಜೂರಾಗೋ ತನಕ ಟೋಕನ್ ನಿಮ್ಮ ಕೈಗೆ ಬಂದಿಲ್ಲ. ಪರ್ಮ್ ಸಿಕ್ಕ 180 ದಿನದೊಳಗೆ ಕಂಪನಿ ಐ-140 ಹಾಕದಿದ್ರೆ ಪರ್ಮ್ ಸತ್ತಂತೆ. ಅರ್ಜಿ ಬೇಗ ನೋಡೋಕೆ ಅಂತ ಇರೋ ಪ್ರೀಮಿಯಂ ಶುಲ್ಕ ಕಟ್ಟಿದ್ರೆ ಐ-140ಕ್ಕೆ 15 ಕೆಲಸದ ದಿನದಲ್ಲಿ ಉತ್ತರ ಬರುತ್ತೆ. ಕೆಲಸ ಬದಲಾಯಿಸೋ ಯೋಚನೆ ಇದ್ರೆ ಅಲ್ಲಿವರೆಗೆ ತಡೆದುಕೊಳ್ಳಿ.

ಮಂಜೂರಾದ ಮೇಲೆ ಹೊಸ ಕಂಪನಿಗೆ ಹೋದ್ರೆ ಪರ್ಮ್, ಐ-140 ಎರಡೂ ಮತ್ತೆ ಮೊದಲಿಂದ, ಆದ್ರೆ ತಾರೀಖು ಹಳೇದೇ. ಹಳೇ ಕಂಪನಿ ಐ-140 ವಾಪಸ್ ತಗೊಂಡ್ರೆ? ಮೋಸವೋ ದೊಡ್ಡ ತಪ್ಪೋ ಪತ್ತೆಯಾಗದಿದ್ರೆ ತಾರೀಖು ಉಳಿಯುತ್ತೆ. ಮಂಜೂರಾಗಿ 180 ದಿನ ಆಗೋ ಮುಂಚೆ ವಾಪಸ್ ತಗೊಂಡ್ರೆ ಮಾತ್ರ, ಆ ಐ-140 ತೋರಿಸಿ ಎಚ್-1ಬಿ (ತಾತ್ಕಾಲಿಕ ಉದ್ಯೋಗ ವೀಸಾ) ವಿಸ್ತರಿಸೋಕೆ ಆಗಲ್ಲ.

ಎಚ್-1ಬಿಗೆ ಆರು ವರ್ಷದ ಮಿತಿ. ಐ-140 ಮಂಜೂರಾಗಿ ಸಾಲಲ್ಲಿ ನಿಂತಿದ್ರೆ ಮೂರು ಮೂರು ವರ್ಷ ವಿಸ್ತರಣೆ ಸಿಗುತ್ತೆ. ಪರ್ಮ್ ಹಾಕಿ 365 ದಿನ ಕಳೆದಿದ್ರೆ ಒಂದೊಂದು ವರ್ಷ. ಅಂದ್ರೆ ಆರನೇ ವರ್ಷ ಶುರುವಾಗೋ ಮುಂಚೆ ಪರ್ಮ್ ಒಳಗೆ ಹೋಗಿರಬೇಕು. ಸಂಬಳ ನಿಗದಿ, ಜಾಹೀರಾತು ಇವೇ ತಿಂಗಳುಗಟ್ಟಲೆ ತಿನ್ನುತ್ತವೆ. ಮೂರನೇ ವರ್ಷದಲ್ಲೇ ಮ್ಯಾನೇಜರ್‌ನ ಕೇಳೋದು ಅತಿ ಅಲ್ಲ.

ಮಕ್ಕಳ ವಯಸ್ಸು 21ಕ್ಕೆ ಹತ್ತಿರ ಇದ್ರೆ ಗಮನಿಸಿ. ಲೆಕ್ಕದ ವಯಸ್ಸು 21 ತುಂಬಿದ್ರೆ ಅವರು ನಿಮ್ಮ ಜೊತೆ ಗ್ರೀನ್ ಕಾರ್ಡ್ ಪಡೆಯೋಕೆ ಆಗಲ್ಲ. ಸರದಿ ಬಂದ ದಿನದ ವಯಸ್ಸಿಂದ, ಐ-140 ಬಾಕಿ ಇದ್ದಷ್ಟು ದಿನ ಕಳೀತಾರೆ. ಪ್ರೀಮಿಯಂ ಕಟ್ಟಿ ಬೇಗ ಮುಗಿಸಿದ್ರೆ ಕಳೆಯೋಕೆ ಹೆಚ್ಚು ದಿನ ಇರಲ್ಲ. ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ.

ಸರದಿ ಬಂದಾಗ ಐ-485. ಬುಲೆಟಿನ್‌ನಲ್ಲಿ ಎರಡು ಪಟ್ಟಿ ಇರುತ್ತೆ: ಒಂದು ಅರ್ಜಿ ಹಾಕೋಕೆ, ಇನ್ನೊಂದು ಕಾರ್ಡ್ ಸಿಗೋಕೆ. ಅಮೆರಿಕದೊಳಗಿಂದ ಅರ್ಜಿ ಹಾಕೋರಿಗೆ ಆ ತಿಂಗಳು ಯಾವುದು ಅನ್ವಯ ಅಂತ ವಲಸೆ ಇಲಾಖೆಯ ವೆಬ್‌ಸೈಟಲ್ಲಿ ನೋಡಿ. 2024ರ ಡಿಸೆಂಬರ್ 2ರಿಂದ ವೈದ್ಯಕೀಯ ತಪಾಸಣೆಯ ಐ-693 ಅರ್ಜಿ ಜೊತೆಗೇ ಹೋಗಬೇಕು. ಐ-485 ಬಾಕಿ ಇರೋವಾಗ ಎಚ್-1ಬಿ, ಎಚ್-4 (ಎಚ್-1ಬಿಯವರ ಕುಟುಂಬದ ವೀಸಾ) ಅಥವಾ ಎಲ್ ವೀಸಾ ಇಲ್ಲದೆ, ಅಡ್ವಾನ್ಸ್ ಪೆರೋಲ್ (ಹೋಗಿ ವಾಪಸ್ ಬರೋಕೆ ಮುಂಚೆಯೇ ಪಡೆಯೋ ಅನುಮತಿ) ಕೂಡ ಇಲ್ಲದೆ ಊರಿಗೆ ಹೋದ್ರೆ ಅರ್ಜಿ ಬಿಟ್ಟುಕೊಟ್ಟ ಹಾಗೆ.

ನಮ್ಮವರು ಎಡವೋದು ಜನನ ಪ್ರಮಾಣಪತ್ರದಲ್ಲಿ.

[ಪರದೆಯ ಮೇಲೆ: ಹೆಸರಿನ ಕಾಲಂ ಖಾಲಿ ಇರುವ ಹಳೇ ಪ್ರಮಾಣಪತ್ರದ ಮಾದರಿ]

ಹೆಸರಿನ ಜಾಗ ಖಾಲಿ, ಬರೀ "ಗಂಡು ಮಗು" ಅಂತ ಇರೋ ಹಳೇ ಪತ್ರ ಸಾಲದು. ಹುಟ್ಟು ನೋಂದಣಿಯಾದ ಪಂಚಾಯಿತಿಯಲ್ಲೋ ಪುರಸಭೆಯಲ್ಲೋ ಹೆಸರು ಸೇರಿಸಿಕೊಂಡು ಹೊಸದು ಪಡೆಯಿರಿ. ನೋಂದಣಿಯೇ ಆಗಿಲ್ಲ ಅಂದ್ರೆ ದಾಖಲೆ ಲಭ್ಯವಿಲ್ಲ ಅನ್ನೋ ಪತ್ರ ತಗೊಂಡು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ತಂದೆ-ತಾಯಿಯ ಅಫಿಡವಿಟ್ ಇಡಬೇಕು. ಕನ್ನಡದಲ್ಲಿದ್ರೆ ಇಂಗ್ಲಿಷ್ ಅನುವಾದ, ಅದಕ್ಕೆ ಅನುವಾದಕರ ಸಹಿ ಇರೋ ದೃಢೀಕರಣ. ಪಾಸ್‌ಪೋರ್ಟಲ್ಲಿ ಇನಿಷಿಯಲ್ ಬಿಡಿಸಿ ಬರೆದು, ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇದ್ರೆ ಎರಡೂ ಹೆಸರು ಒಬ್ಬರದ್ದೇ ಅನ್ನೋ ಅಫಿಡವಿಟ್ ಕೂಡ ಸೇರಿಸಿ. ಇದನ್ನೆಲ್ಲ ಈ ಸಲ ಊರಿಗೆ ಹೋದಾಗಲೇ, ಅಪ್ಪ-ಅಮ್ಮ ಸಹಿ ಹಾಕೋಕೆ ಗಟ್ಟಿಯಾಗಿ ಇರೋವಾಗಲೇ ಮಾಡಿಸಿಟ್ಟುಕೊಳ್ಳಿ.